ಹಸಿರು ನೀರಿನ ಹಿಂದಿನ ವಿಜ್ಞಾನಿ ಅಡಾಲ್ಫ್ ವುರ್ಟ್ಜ್

ಮಕ್ಕಳೇ, ಮಂಡ್ಯ ಮತ್ತು ಮದ್ದೂರಿನ ನಡುವೆ ಹನಕೆರೆ ಎಂಬ ಊರಿದೆ. ಬೆಂಗಳೂರು–ಮೈಸೂರು ರಸ್ತೆ ಮತ್ತು ರೈಲು ಮಾರ್ಗ ಎರಡೂ ಇಲ್ಲಿ ಹಾದುಹೋಗುತ್ತವೆ. ಕಬ್ಬು ಕಡಿಯುವ ಕಾಲದಲ್ಲಿ ಇಲ್ಲಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೋಗುತ್ತವೆ.

ಒಮ್ಮೆ ಶಾಲಾ ಭೇಟಿಗೆಂದು ಆ ಕಡೆ ಹೋಗಿದ್ದೆ. ರಸ್ತೆ ಬದಿಯಲ್ಲಿ ಒಂದು ಟ್ರ್ಯಾಕ್ಟರ್ ನಿಂತಿತ್ತು. ಅದರ ಮುಂಭಾಗದಿಂದ ಹಬೆ ಬುಸುಗುಡುತ್ತಿತ್ತು. ಚಾಲಕ ಅವಸರ ಮಾಡಲಿಲ್ಲ. ಇಂಜಿನ್ ನಿಲ್ಲಿಸಿ, ನೆರಳಲ್ಲಿ ಕುಳಿತು, ಅದು ಪೂರ್ತಿ ತಣ್ಣಗಾಗುವವರೆಗೂ ಕಾದ. ಆಮೇಲೆ ಬಟ್ಟೆ ಸುತ್ತಿ ರೇಡಿಯೇಟರ್ ಮುಚ್ಚಳ ತೆಗೆದು, ಡಬ್ಬಿಯಿಂದ ಹಸಿರು ಬಣ್ಣದ ದ್ರವವನ್ನು ಒಳಗೆ ಸುರಿದ. ಉಳಿದದ್ದನ್ನು ಖಾಲಿ ಕೂಲ್‌ಡ್ರಿಂಕ್ ಬಾಟಲಿಗೆ ತುಂಬಿ ಪಕ್ಕಕ್ಕಿಟ್ಟ. ಸುತ್ತ ನಿಂತಿದ್ದ ಮಕ್ಕಳಲ್ಲಿ ಒಬ್ಬ ಪುಟ್ಟ ಹುಡುಗ ಆ ಬಾಟಲಿ ಎತ್ತಿಕೊಂಡು, ಇದು ಶರಬತ್ತಾ ಎಂದು ಕೇಳಿದ. ಚಾಲಕ ಗಾಬರಿಯಿಂದ ಅದನ್ನು ಕಿತ್ತುಕೊಂಡ.

ಅವನು ಗಾಬರಿಯಾದದ್ದು ಸರಿಯೇ. ಆ ದ್ರವ ನೋಡಲು ಶರಬತ್ತಿನಂತೆ ಇತ್ತು. ಅದರ ರುಚಿಯೂ ಸಿಹಿ. ಆದರೆ ಅದು ವಿಷ! ಇಂಜಿನ್ನಿಗೆ ಒಳ್ಳೆಯದಾದ ವಸ್ತು ಮನುಷ್ಯರಿಗೆ ವಿಷವಾಗುವುದು ಹೇಗೆ? ಅದನ್ನು ಮೊದಲು ತಯಾರಿಸಿದವರು ಯಾರು? ಇದಕ್ಕಿಂತ ಕಡಿಮೆ ಅಪಾಯದ ದ್ರವ ಇಲ್ಲವೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ಫ್ರಾನ್ಸ್ ದೇಶದ ಒಬ್ಬ ರಸಾಯನ ವಿಜ್ಞಾನಿಯ ಬಳಿ ನಿಲ್ಲುತ್ತೇವೆ. ಅವರೇ ಚಾರ್ಲ್ಸ್ ಅಡಾಲ್ಫ್ ವುರ್ಟ್ಜ್. ವಿಚಿತ್ರವೆಂದರೆ ವುರ್ಟ್ಜ್ ತಮ್ಮ ಜೀವನದಲ್ಲಿ ಇಂದಿನಂಥ ಒಂದು ಕಾರನ್ನೂ ನೋಡಲಿಲ್ಲ!

ಪಾದ್ರಿಯ ಮಗ

ವುರ್ಟ್ಜ್ 1817ರ ನವೆಂಬರ್ 26ರಂದು ಸ್ಟ್ರಾಸ್‌ಬರ್ಗ್ ನಗರದ ಸಮೀಪ ವೋಲ್ಫಿಸ್‌ಹೈಮ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಆ ಊರಿನ ಚರ್ಚಿನಲ್ಲಿ ಪಾದ್ರಿ. ಮಗನೂ ಧರ್ಮಶಾಸ್ತ್ರ ಓದಬೇಕೆಂಬುದು ತಂದೆಯ ಆಸೆ. ಆದರೆ ಮಗನ ಮನಸ್ಸು ವಿಜ್ಞಾನದ ಕಡೆಗಿತ್ತು. ಕೊನೆಗೆ ವೈದ್ಯಕೀಯ ಓದಲು ತಂದೆ ಒಪ್ಪಿದರು.

ಹೀಗೆ ವುರ್ಟ್ಜ್ ಸ್ಟ್ರಾಸ್‌ಬರ್ಗ್‌ನ ವೈದ್ಯಕೀಯ ಶಾಲೆ ಸೇರಿದರು. ಅಲ್ಲಿ ಅವರಿಗೆ ಹೆಚ್ಚು ಹಿಡಿಸಿದ್ದು ರಸಾಯನ ವಿಜ್ಞಾನ. 1839ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಅಲ್ಲಿನ ರಸಾಯನ ಪ್ರಯೋಗಗಳ ಉಸ್ತುವಾರಿ ಅವರಿಗೆ ಸಿಕ್ಕಿತು. 1842ರಲ್ಲಿ ಅವರು ಜರ್ಮನಿಯ ಗೀಸೆನ್ ಊರಿಗೆ ಹೋಗಿ, ಆ ಕಾಲದ ಹೆಸರಾಂತ ರಸಾಯನ ವಿಜ್ಞಾನಿ ಲೀಬಿಗ್ ಅವರ ಬಳಿ ಕಲಿತರು. ಲೀಬಿಗ್ ಅವರ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ತಾವೇ ಕೈಯಾರೆ ಪ್ರಯೋಗ ಮಾಡುತ್ತಿದ್ದರು. ಇದು ಯುವಕ ವುರ್ಟ್ಜ್ ಮನಸ್ಸಿನಲ್ಲಿ ಉಳಿಯಿತು. 1843ರಲ್ಲಿ ವೈದ್ಯ ಪದವಿ ಪಡೆದರೂ ಅವರು ರೋಗಿಗಳನ್ನು ನೋಡುವ ವೃತ್ತಿ ಹಿಡಿಯದೆ ಪ್ಯಾರಿಸ್‌ಗೆ ಹೋದರು. ಡ್ಯೂಮಾ ಎಂಬ ಪ್ರಸಿದ್ಧ ವಿಜ್ಞಾನಿಯ ಸಹಾಯಕರಾದರು.

ಪ್ಯಾರಿಸ್‌ನಲ್ಲಿ ಅವರಿಗೆ ಎಲ್ಲವೂ ಸುಲಭವಾಗಿರಲಿಲ್ಲ. ಅಲ್ಲಿನ ವೈದ್ಯಕೀಯ ಶಾಲೆಯ ಪ್ರಯೋಗಾಲಯ ತೀರಾ ಕೆಟ್ಟ ಸ್ಥಿತಿಯಲ್ಲಿತ್ತು. ವುರ್ಟ್ಜ್ 1850ರಲ್ಲಿ ಒಂದು ಮನೆಯಲ್ಲಿ ಸ್ವಂತ ಪ್ರಯೋಗಾಲಯ ತೆರೆದರು. ಸ್ವಲ್ಪ ಕಾಲದಲ್ಲೇ ಆ ಮನೆ ಮಾರಾಟವಾಗಿ ಪ್ರಯೋಗಾಲಯ ಬಿಡಬೇಕಾಯಿತು. ಅದೇ ವರ್ಷ ವರ್ಸೈಲ್ಸ್‌ನ ಹೊಸ ಕೃಷಿ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಆ ಸಂಸ್ಥೆ 1852ರಲ್ಲಿ ಮುಚ್ಚಿಹೋಯಿತು. ಅವರು ಎದೆಗುಂದಲಿಲ್ಲ. 1853ರಲ್ಲಿ ಪ್ಯಾರಿಸ್ ವೈದ್ಯಕೀಯ ಶಾಲೆಯಲ್ಲಿ ರಸಾಯನ ವಿಜ್ಞಾನದ ಪ್ರಾಧ್ಯಾಪಕ ಹುದ್ದೆ ಅವರಿಗೆ ದೊರೆಯಿತು. ಅವರ ದೊಡ್ಡ ಕೆಲಸಗಳು ನಡೆದದ್ದು ಇಲ್ಲಿಯೇ.

ಒಂದು, ಮೂರು... ಎರಡು ಎಲ್ಲಿ?

ನಿಮ್ಮ ತರಗತಿಯ ಹಾಜರಿ ಪುಸ್ತಕದಲ್ಲಿ ಒಂದನೇ ಸಂಖ್ಯೆ ಮತ್ತು ಮೂರನೇ ಸಂಖ್ಯೆಯ ಹೆಸರು ಇದ್ದು, ನಡುವಿನ ಸಾಲು ಖಾಲಿ ಇದೆ ಎಂದುಕೊಳ್ಳಿ. ಎರಡನೆಯವರು ಯಾರು ಎಂದು ನೀವು ಕೇಳುತ್ತೀರಿ ಅಲ್ಲವೇ? ವುರ್ಟ್ಜ್ ಕೇಳಿದ್ದೂ ಇಂಥದೇ ಪ್ರಶ್ನೆ.

ಆ ಕಾಲದಲ್ಲಿ ಎರಡು ವಸ್ತುಗಳು ಚೆನ್ನಾಗಿ ಗೊತ್ತಿದ್ದವು. ಒಂದು, ಸಾಮಾನ್ಯ ಆಲ್ಕೊಹಾಲ್, ಅಂದರೆ ಸ್ಪಿರಿಟ್. ಇನ್ನೊಂದು, ಎಣ್ಣೆಯಿಂದ ಸೋಪು ಮಾಡುವಾಗ ದೊರೆಯುವ ಗ್ಲಿಸರಿನ್. ಆಲ್ಕೊಹಾಲಿನ ಅಣುವಿನಲ್ಲಿ ಆಕ್ಸಿಜನ್ ಮತ್ತು ಹೈಡ್ರೋಜನ್ ಕೂಡಿದ ಒಂದು ಜೋಡಿ ಇರುತ್ತದೆ. ಇದನ್ನು ಅಣುವಿನ ಒಂದು ಕೈ ಎಂದು ತಿಳಿಯಿರಿ. ಗ್ಲಿಸರಿನ್ ಅಣುವಿಗೆ ಇಂಥ ಮೂರು ಕೈಗಳು. ಹಾಗಾದರೆ ಎರಡು ಕೈಗಳಿರುವ ವಸ್ತುವೂ ಇರಬೇಕಲ್ಲವೇ ಎಂದು ವುರ್ಟ್ಜ್ ಯೋಚಿಸಿದರು.

ಹಾಗೆ ಯೋಚಿಸಿ ಸುಮ್ಮನಾಗದೆ ಅವರು ಅದನ್ನು ಮಾಡಿ ನೋಡಲು ಹೊರಟರು. ಎಥಿಲೀನ್ ಎಂಬ ಅನಿಲವನ್ನು ಅಯೋಡಿನ್ ಜೊತೆ ಸೇರಿಸಿದರೆ ಎಥಿಲೀನ್ ಅಯೋಡೈಡ್ ಸಿಗುತ್ತದೆ. ಇದರ ಪ್ರತಿ ಅಣುವಿನಲ್ಲಿ ಎರಡು ಅಯೋಡಿನ್ ಪರಮಾಣುಗಳಿರುತ್ತವೆ. ವುರ್ಟ್ಜ್ ಇದಕ್ಕೆ ಬೆಳ್ಳಿಯ ಒಂದು ಲವಣವನ್ನು ಬೆರೆಸಿದರು. ಬೆಳ್ಳಿಗೂ ಅಯೋಡಿನ್‌ಗೂ ಬಹಳ ನಂಟು. ಬೆಳ್ಳಿ ಎರಡೂ ಅಯೋಡಿನ್ ಪರಮಾಣುಗಳನ್ನು ಎಳೆದುಕೊಂಡಿತು. ಹೀಗೆ ದೊರೆತ ವಸ್ತುವನ್ನು ಮತ್ತೊಂದು ಹಂತದಲ್ಲಿ ಕ್ಷಾರದೊಂದಿಗೆ ಸಂಸ್ಕರಿಸಿದಾಗ ಬಣ್ಣವಿಲ್ಲದ, ತುಸು ಮಂದವಾದ ದ್ರವ ಸಿಕ್ಕಿತು. ಅದರ ಅಣುವಿಗೆ ಸರಿಯಾಗಿ ಎರಡು ಕೈಗಳಿದ್ದವು! ಇದು ನಡೆದದ್ದು 1856ರಲ್ಲಿ.

ಗ್ಲಿಸರಿನ್ ಹೆಸರಿನ ಮೊದಲ ಭಾಗ ಮತ್ತು ಆಲ್ಕೊಹಾಲ್ ಹೆಸರಿನ ಕೊನೆಯ ಭಾಗ ಸೇರಿಸಿ ಅವರು ಹೊಸ ವಸ್ತುವಿಗೆ ಗ್ಲೈಕಾಲ್ ಎಂದು ಹೆಸರಿಟ್ಟರು. ಇಂದು ನಾವು ಅದನ್ನು ಎಥಿಲೀನ್ ಗ್ಲೈಕಾಲ್ ಎನ್ನುತ್ತೇವೆ. ಆ ಕಾಲದ ರಸಾಯನ ವಿಜ್ಞಾನಿಗಳು ಹೊಸ ವಸ್ತುವಿನ ರುಚಿಯನ್ನೂ ನೋಡಿ ಬರೆದಿಡುತ್ತಿದ್ದರು. ಗ್ಲೈಕಾಲ್ ಸಿಹಿ ಎಂದು ಹೀಗೆಯೇ ತಿಳಿಯಿತು. ಅದು ಅಪಾಯದ ಅಭ್ಯಾಸ. ಇಂದು ಯಾವ ಪ್ರಯೋಗಾಲಯದಲ್ಲೂ ಹಾಗೆ ಮಾಡುವುದಿಲ್ಲ. ನೀವೂ ಮಾಡಬಾರದು.

ವುರ್ಟ್ಜ್ ಅಷ್ಟಕ್ಕೇ ನಿಲ್ಲಲಿಲ್ಲ. ಮುಂದಿನ ಮೂರು ವರ್ಷಗಳೊಳಗೆ ಗ್ಲೈಕಾಲಿನ ಸೋದರನಂತಿರುವ ಪ್ರೊಪಿಲೀನ್ ಗ್ಲೈಕಾಲ್ ಅನ್ನೂ ತಯಾರಿಸಿದರು. 1859ರಲ್ಲಿ ಎಥಿಲೀನ್ ಆಕ್ಸೈಡ್ ಎಂಬ ಅನಿಲವನ್ನು ಕಂಡುಹಿಡಿದರು. ಇದು ನೀರಿನೊಂದಿಗೆ ಸೇರಿದರೆ ಗ್ಲೈಕಾಲ್ ಆಗುತ್ತದೆ. ಇಂದಿನ ದೊಡ್ಡ ಕಾರ್ಖಾನೆಗಳೂ ಎಥಿಲೀನ್ ಆಕ್ಸೈಡ್‌ನಿಂದಲೇ ಗ್ಲೈಕಾಲ್ ತಯಾರಿಸುತ್ತವೆ.

ಎಲ್ಲರಿಗೂ ತೆರೆದ ಬಾಗಿಲು

ಆ ಕಾಲದಲ್ಲಿ ಪರಮಾಣುಗಳು ನಿಜವಾಗಿ ಇವೆ ಎಂಬುದನ್ನು ಫ್ರಾನ್ಸಿನ ಅನೇಕ ದೊಡ್ಡ ವಿಜ್ಞಾನಿಗಳು ಒಪ್ಪುತ್ತಿರಲಿಲ್ಲ. ಕಣ್ಣಿಗೆ ಕಾಣದ್ದನ್ನು ನಂಬುವುದು ಹೇಗೆ ಎಂಬುದು ಅವರ ವಾದ. ವುರ್ಟ್ಜ್ ಪರಮಾಣುಗಳ ಪರವಾಗಿ ಗಟ್ಟಿಯಾಗಿ ನಿಂತರು. ಗ್ಲೈಕಾಲನ್ನು ಮೊದಲು ಲೆಕ್ಕ ಹಾಕಿ, ಆಮೇಲೆ ಮಾಡಿ ತೋರಿಸಿದ್ದು ಅವರಿಗೆ ಒಳ್ಳೆಯ ಬಲ ಕೊಟ್ಟಿತು.

1866ರಲ್ಲಿ ಅವರು ಪ್ಯಾರಿಸ್ ವೈದ್ಯಕೀಯ ಶಾಲೆಯ ಮುಖ್ಯಸ್ಥರಾದರು. ಆಗ ಅಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಮ್ಯಾಡೆಲೀನ್ ಬ್ರೆಸ್ ಎಂಬ ಮಹಿಳೆ ವೈದ್ಯಕೀಯ ಓದಬೇಕೆಂದು ಅವರ ಬಳಿ ಬಂದರು. ಮೊದಲು ಬೇಕಾದ ಪರೀಕ್ಷೆ ಪಾಸು ಮಾಡಿ ಬರುವಂತೆ ವುರ್ಟ್ಜ್ ಹೇಳಿ ಕಳಿಸಿದರು. ಅವರು ಪಾಸಾಗಿ ಬಂದರು. 1868ರಲ್ಲಿ ಅವರಿಗೆ ಪ್ರವೇಶ ಸಿಗುವಂತೆ ವುರ್ಟ್ಜ್ ಬೆಂಬಲಿಸಿದರು. 1875ರಲ್ಲಿ ಬ್ರೆಸ್ ವೈದ್ಯ ಪದವಿ ಪಡೆದ ಮೊದಲ ಫ್ರೆಂಚ್ ಮಹಿಳೆಯಾದರು.

ವುರ್ಟ್ಜ್ ಅವರ ಪ್ರಯೋಗಾಲಯಕ್ಕೆ ಬೇರೆ ಬೇರೆ ದೇಶಗಳಿಂದ ಯುವಕರು ಬರುತ್ತಿದ್ದರು. ಹಾಲೆಂಡಿನ ವಾಂಟ್ ಹಾಫ್ ಅವರಲ್ಲಿ ಒಬ್ಬರು. 1901ರಲ್ಲಿ ರಸಾಯನ ವಿಜ್ಞಾನದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ ಪಡೆದವರು ಇವರೇ. ದ್ರಾವಣಗಳ ನಿಯಮಗಳನ್ನು ವಿವರಿಸಿದವರು ಅವರು. ನೀರಿಗೆ ಬೇರೊಂದು ವಸ್ತು ಕರಗಿದಾಗ ಅದು ಹೆಪ್ಪುಗಟ್ಟುವ ಉಷ್ಣತೆ ಏಕೆ ಇಳಿಯುತ್ತದೆ ಎಂಬುದೂ ಆ ನಿಯಮಗಳಿಂದ ಅರ್ಥವಾಯಿತು. ಗುರು ತಯಾರಿಸಿದ ದ್ರವ ಮುಂದೆ ಯಾವ ಕೆಲಸಕ್ಕೆ ಬಂದಿತೋ, ಆ ಕೆಲಸದ ಕಾರಣವನ್ನು ಶಿಷ್ಯರು ತಿಳಿಸಿದರು!

ವುರ್ಟ್ಜ್ 1884ರ ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು. ಐಫೆಲ್ ಗೋಪುರದ ಮೇಲೆ ಫ್ರಾನ್ಸಿನ 72 ವಿಜ್ಞಾನಿಗಳು ಮತ್ತು ಇಂಜಿನಿಯರುಗಳ ಹೆಸರುಗಳನ್ನು ಕೆತ್ತಲಾಗಿದೆ. ಅವುಗಳಲ್ಲಿ ವುರ್ಟ್ಜ್ ಹೆಸರೂ ಇದೆ.

ಇಂಜಿನ್ನಿಗೆ ಬಾಯಾರಿಕೆ

ವುರ್ಟ್ಜ್ ತೀರಿಕೊಂಡ ಎರಡು ವರ್ಷಕ್ಕೆ, 1886ರಲ್ಲಿ, ಜರ್ಮನಿಯ ಕಾರ್ಲ್ ಬೆಂಜ್ ಪೆಟ್ರೋಲ್ ಇಂಜಿನ್ನಿನ ಕಾರಿಗೆ ಪೇಟೆಂಟ್ ಪಡೆದರು. 1888ರಲ್ಲಿ ಅವರ ಹೆಂಡತಿ ಬರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಆ ಕಾರಿನಲ್ಲಿ ಸುಮಾರು 100 ಕಿಲೋಮೀಟರ್ ದೂರದ ತವರಿಗೆ ಹೊರಟರು. ದಾರಿಯುದ್ದಕ್ಕೂ ಇಂಜಿನ್ನಿಗೆ ನೀರು ತುಂಬಿಸುವುದೇ ದೊಡ್ಡ ಕೆಲಸವಾಯಿತು.

ಏಕೆ ಗೊತ್ತೇ? ಇಂಜಿನ್ನಿನೊಳಗೆ ಉರಿಯುವ ಇಂಧನದ ಶಕ್ತಿಯೆಲ್ಲ ಚಕ್ರ ತಿರುಗಿಸಲು ಬಳಕೆಯಾಗುವುದಿಲ್ಲ. ಹೆಚ್ಚಿನ ಭಾಗ ಬಿಸಿಯಾಗಿ ಹೋಗುತ್ತದೆ. ಆ ಬಿಸಿಯನ್ನು ಹೊರಕ್ಕೆ ಸಾಗಿಸಲು ಇಂಜಿನ್ನಿನ ಸುತ್ತ ನೀರು ಹರಿಯಬೇಕು. ಬಿಸಿಯಾದ ನೀರು ರೇಡಿಯೇಟರಿಗೆ ಬಂದು ಗಾಳಿಗೆ ತಣ್ಣಗಾಗಿ ಮತ್ತೆ ಒಳಕ್ಕೆ ಹೋಗಬೇಕು.

ಬಿಸಿಯನ್ನು ಹೊತ್ತೊಯ್ಯಲು ನೀರಿನಷ್ಟು ಒಳ್ಳೆಯ ದ್ರವ ಅಪರೂಪ. ಆದರೆ ಅದಕ್ಕೆ ಮೂರು ದೋಷಗಳಿವೆ. ಮೊದಲನೆಯದು, ಅದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಎರಡನೆಯದು, ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಮೂರನೆಯದು, ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟುವಾಗ ನೀರು ಹಿಗ್ಗುತ್ತದೆ. 100 ಮಿಲಿಲೀಟರ್ ನೀರು ಸುಮಾರು 109 ಮಿಲಿಲೀಟರ್ ಮಂಜುಗಡ್ಡೆಯಾಗುತ್ತದೆ. ಹೀಗೆ ಹಿಗ್ಗುವಾಗ ಗಟ್ಟಿ ಕಬ್ಬಿಣದ ಇಂಜಿನ್ ಕೂಡ ಬಿರುಕು ಬಿಡಬಹುದು!

ಚಳಿ ದೇಶಗಳ ಜನ ಏನೇನೋ ಮಾಡಿ ನೋಡಿದರು. ಉಪ್ಪು ಬೆರೆಸಿದರು. ಲೋಹ ಕೊರೆದುಹೋಯಿತು. ಜೇನುತುಪ್ಪ, ಸಕ್ಕರೆ ಬೆರೆಸಿದರು. ಅಂಟು ಕಟ್ಟಿಕೊಂಡಿತು. ಸ್ಪಿರಿಟ್ ಬೆರೆಸಿದರು. ಅದು ಬೇಗ ಆವಿಯಾಗಿ ಹೋಯಿತು, ಜೊತೆಗೆ ಬೆಂಕಿಯ ಭಯ ಬೇರೆ. ಕೊನೆಗೆ 1920ರ ದಶಕದಲ್ಲಿ ವುರ್ಟ್ಜ್ ಅವರ ಗ್ಲೈಕಾಲ್ ನೆನಪಾಯಿತು. ಅದು ಕುದಿಯುವುದು ಸುಮಾರು 197 ಡಿಗ್ರಿಯಲ್ಲಿ. ಹಾಗಾಗಿ ಸುಲಭವಾಗಿ ಆವಿಯಾಗುವುದಿಲ್ಲ. ನೀರಿನೊಂದಿಗೆ ಎಷ್ಟು ಬೇಕಾದರೂ ಬೆರೆಯುತ್ತದೆ. ನೀರಿನ ಅಣುಗಳು ಸಾಲಾಗಿ ಕೈ ಹಿಡಿದು ನಿಂತಾಗ ಮಂಜುಗಡ್ಡೆಯಾಗುತ್ತದೆ. ನಡುವೆ ಗ್ಲೈಕಾಲ್ ಅಣುಗಳು ನುಸುಳಿದರೆ ಸಾಲು ಕಟ್ಟುವುದು ಕಷ್ಟವಾಗುತ್ತದೆ. ಅರ್ಧ ನೀರು, ಅರ್ಧ ಗ್ಲೈಕಾಲ್ ಬೆರೆಸಿದರೆ ಆ ಮಿಶ್ರಣ ಸೊನ್ನೆಗಿಂತ ಸುಮಾರು 37 ಡಿಗ್ರಿ ಕೆಳಗೆ ಹೋಗುವವರೆಗೂ ಹೆಪ್ಪುಗಟ್ಟುವುದಿಲ್ಲ. ಇದೇ ಆ್ಯಂಟಿಫ್ರೀಜ್, ಅಂದರೆ ಹೆಪ್ಪುಗಟ್ಟದಂತೆ ತಡೆಯುವ ದ್ರವ. ನಮ್ಮ ಮೆಕ್ಯಾನಿಕ್‌ಗಳು ಇದನ್ನು ಕೂಲೆಂಟ್ ಎನ್ನುತ್ತಾರೆ.

ಮಂಡ್ಯದಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವುದಿಲ್ಲವಲ್ಲ, ಇಲ್ಲಿ ಏಕೆ ಬೇಕು ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಲಡಾಖ್‌ನಂಥ ಜಾಗಕ್ಕೆ ಹೋಗುವ ಲಾರಿಗೆ ಅದು ಚಳಿಯಿಂದ ರಕ್ಷಣೆ. ನಮ್ಮ ಬಿಸಿಲಿನಲ್ಲಿ ಅದೇ ದ್ರವ ಇನ್ನೊಂದು ರೀತಿಯಲ್ಲಿ ಕಾಪಾಡುತ್ತದೆ. ಅರ್ಧಕ್ಕರ್ಧ ಮಿಶ್ರಣ ಸುಮಾರು 107 ಡಿಗ್ರಿವರೆಗೆ ಕುದಿಯುವುದಿಲ್ಲ. ರೇಡಿಯೇಟರ್ ಮುಚ್ಚಳದ ಒತ್ತಡ ಸೇರಿದರೆ ಕುದಿಯುವ ಉಷ್ಣತೆ ಇನ್ನೂ ಮೇಲೇರುತ್ತದೆ. ಅದರಲ್ಲಿ ಬೆರೆಸಿರುವ ರಾಸಾಯನಿಕಗಳು ತುಕ್ಕನ್ನೂ ತಡೆಯುತ್ತವೆ.

ಸಿಹಿಯೆಲ್ಲ ಒಳ್ಳೆಯದಲ್ಲ

ಈಗ ಆ ಪುಟ್ಟ ಹುಡುಗನ ಕೈಯಲ್ಲಿದ್ದ ಬಾಟಲಿಗೆ ಬರೋಣ. ಎಥಿಲೀನ್ ಗ್ಲೈಕಾಲ್ ಹೊಟ್ಟೆಗೆ ಹೋದರೆ ನಮ್ಮ ದೇಹ ಅದನ್ನು ಬೇರೆ ಬೇರೆ ಆಮ್ಲಗಳಾಗಿ ಬದಲಿಸುತ್ತದೆ. ಅವುಗಳಲ್ಲಿ ಆಕ್ಸಾಲಿಕ್ ಆಮ್ಲವೂ ಒಂದು. ಇದು ದೇಹದ ಕ್ಯಾಲ್ಸಿಯಂ ಜೊತೆ ಸೇರಿ ಸಣ್ಣ ಸಣ್ಣ ಹರಳುಗಳಾಗುತ್ತದೆ. ಆ ಹರಳುಗಳು ಮೂತ್ರಪಿಂಡಗಳನ್ನು ಕೆಡಿಸುತ್ತವೆ. ಪ್ರಾಣವೂ ಹೋಗಬಹುದು. ಸಿಹಿಯಾಗಿರುವುದರಿಂದ ನಾಯಿ, ಬೆಕ್ಕುಗಳು ನೆಲದ ಮೇಲೆ ಚೆಲ್ಲಿದ್ದನ್ನು ನೆಕ್ಕಿ ಸಾಯುವುದುಂಟು.

ಈ ವಿಷಗುಣ ಜಗತ್ತಿಗೆ ಸ್ಪಷ್ಟವಾಗಿ ತಿಳಿದದ್ದು ವುರ್ಟ್ಜ್ ತೀರಿಕೊಂಡು ಎಷ್ಟೋ ವರ್ಷಗಳ ನಂತರ. 1937ರಲ್ಲಿ ಅಮೆರಿಕದಲ್ಲಿ ಗ್ಲೈಕಾಲ್ ಕುಟುಂಬದ ಡೈಎಥಿಲೀನ್ ಗ್ಲೈಕಾಲ್ ಎಂಬ ಸಿಹಿ ದ್ರವದಲ್ಲಿ ಔಷಧಿ ಕರಗಿಸಿ ಮಾರಿದರು. ಮಾರುವ ಮೊದಲು ಅದು ವಿಷವೇ ಎಂದು ಪರೀಕ್ಷಿಸಿರಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಕ್ಕಳೂ ಅನೇಕರಿದ್ದರು. ಮಾರುವ ಮೊದಲು ಔಷಧಿ ಸುರಕ್ಷಿತವೆಂದು ತೋರಿಸಲೇಬೇಕೆಂಬ ಕಾನೂನು ಅಲ್ಲಿ 1938ರಲ್ಲಿ ಬಂತು.

ಹಾಗಾದರೆ ಇನ್ನೊಬ್ಬ ಸೋದರ ಪ್ರೊಪಿಲೀನ್ ಗ್ಲೈಕಾಲ್ ಹೇಗೆ? ದೇಹ ಇದನ್ನು ಬಹುಮಟ್ಟಿಗೆ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತದೆ. ಇದು ಮೊಸರಿನಲ್ಲಿರುವ ಆಮ್ಲ. ಓಡಿ ಆಡಿದಾಗ ನಮ್ಮ ಸ್ನಾಯುಗಳಲ್ಲೂ ಉಂಟಾಗುತ್ತದೆ. ಹೀಗಾಗಿ ಇದರ ಅಪಾಯ ಬಹಳ ಕಡಿಮೆ. ಗೊತ್ತಾದ ಮಿತಿಯಲ್ಲಿ ಆಹಾರ ಮತ್ತು ಔಷಧಿಗಳಲ್ಲೂ ಇದನ್ನು ಬಳಸುತ್ತಾರೆ. ಆಹಾರ ತಯಾರಿಸುವ ಕಾರ್ಖಾನೆಗಳಲ್ಲಿ ತಂಪು ಮಾಡುವ ಕೊಳವೆಗಳಲ್ಲಿ ಹರಿಸುತ್ತಾರೆ. ಇದರಿಂದ ಮಾಡಿದ ಕೂಲೆಂಟ್ ಕೂಡ ಇದೆ. ಅದರ ಬೆಲೆ ಸ್ವಲ್ಪ ಹೆಚ್ಚು. ಹಾಗೆಂದು ಅದನ್ನೂ ಕುಡಿಯುವಂತಿಲ್ಲ. ಅದರಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿರುತ್ತವೆ. ಬಳಸಿದ ಮೇಲೆ ಇಂಜಿನ್ನಿನ ಲೋಹದ ಅಂಶವೂ ಸೇರಿರುತ್ತದೆ.

ಒಂದು ಕೈ ಹೆಚ್ಚೋ ಕಡಿಮೆಯೋ, ಒಂದು ಕಾರ್ಬನ್ ಹೆಚ್ಚೋ ಕಡಿಮೆಯೋ. ಇಷ್ಟು ಸಣ್ಣ ವ್ಯತ್ಯಾಸದಿಂದ ವಸ್ತುವಿನ ಗುಣ ಎಷ್ಟು ಬದಲಾಗುತ್ತದೆ ನೋಡಿದಿರಾ? ಅಣುವಿನ ರಚನೆ ತಿಳಿಯಬೇಕೆಂದು ವುರ್ಟ್ಜ್ ಜೀವನವಿಡೀ ದುಡಿದದ್ದು ಇದಕ್ಕಾಗಿಯೇ.

ನಮ್ಮ ಕಬ್ಬಿಗೂ ಇದಕ್ಕೂ ಒಂದು ನಂಟಿದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಸ್ಪಿರಿಟ್ ತಯಾರಿಸುತ್ತಾರೆ. ಸ್ಪಿರಿಟ್‌ನಿಂದ ಎಥಿಲೀನ್, ಅದರಿಂದ ಎಥಿಲೀನ್ ಆಕ್ಸೈಡ್, ಅದರಿಂದ ಗ್ಲೈಕಾಲ್ ತಯಾರಿಸಬಹುದು. ಉತ್ತರಾಖಂಡದ ಕಾಶೀಪುರದಲ್ಲಿ ಹೀಗೆ ಗ್ಲೈಕಾಲ್ ತಯಾರಿಸುವ ಕಾರ್ಖಾನೆ ಇದೆ. ಹನಕೆರೆಯ ರಸ್ತೆಯಲ್ಲಿ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರಿನ ಹಸಿರು ನೀರು ಕಬ್ಬಿನಿಂದಲೇ ಬಂದಿದ್ದರೂ ಆಶ್ಚರ್ಯವಿಲ್ಲ!

ಮನೆಯವರಿಗೆ ತಿಳಿಸಿ

1. ವಾಹನದ ಜೊತೆ ಬರುವ ಪುಸ್ತಕದಲ್ಲಿ ಯಾವ ಕೂಲೆಂಟ್ ಹಾಕಬೇಕೆಂದು ಬರೆದಿರುತ್ತದೆ. ಅದನ್ನೇ ಹಾಕಬೇಕು. ಬಣ್ಣ ನೋಡಿ ಆರಿಸಬಾರದು. ಬಣ್ಣವನ್ನು ಕಂಪನಿಗಳು ತಮಗೆ ಬೇಕಾದಂತೆ ಸೇರಿಸುತ್ತವೆ.

2. ಎರಡು ಬಗೆಯ ಕೂಲೆಂಟ್‌ಗಳನ್ನು ಒಟ್ಟಿಗೆ ಬೆರೆಸಬಾರದು.

3. ನೀರು ಬೆರೆಸಬೇಕಾದ ಕೂಲೆಂಟ್ ಆದರೆ ಬ್ಯಾಟರಿಗೆ ಹಾಕುವಂಥ ಶುದ್ಧ ನೀರನ್ನೇ ಬೆರೆಸಬೇಕು. ಕೊಳವೆ ಬಾವಿಯ ಗಡಸು ನೀರು ಕೊಳವೆಗಳ ಒಳಗೆ ಬಿಳಿ ಕರೆ ಕಟ್ಟಿಸುತ್ತದೆ.

4. ಮನೆಯಲ್ಲಿ ಚಿಕ್ಕ ಮಕ್ಕಳು, ಸಾಕುಪ್ರಾಣಿಗಳು ಇದ್ದರೆ ಪ್ರೊಪಿಲೀನ್ ಗ್ಲೈಕಾಲ್ ಕೂಲೆಂಟ್ ಹಾಕಬಹುದೇ ಎಂದು ಪುಸ್ತಕ ನೋಡಿ, ಮೆಕ್ಯಾನಿಕ್ ಅವರನ್ನೂ ಕೇಳಬೇಕು.

5. ಉಳಿದ ಕೂಲೆಂಟನ್ನು ಅದರ ಡಬ್ಬಿಯಲ್ಲೇ ಮುಚ್ಚಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ನೀರಿನ ಅಥವಾ ಕೂಲ್‌ಡ್ರಿಂಕ್ ಬಾಟಲಿಗೆ ಎಂದಿಗೂ ತುಂಬಬಾರದು. ಚೆಲ್ಲಿದ್ದನ್ನು ಕೂಡಲೇ ಒರೆಸಿ ತೊಳೆಯಬೇಕು. ಕೆರೆ, ಕಾಲುವೆಗೆ ಸುರಿಯಬಾರದು.

6. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿಯುವ ದ್ರವ ಮುಖಕ್ಕೆ ಚಿಮ್ಮುತ್ತದೆ. ಪೂರ್ತಿ ತಣ್ಣಗಾಗುವವರೆಗೆ ಕಾಯಬೇಕು.

7. ಯಾರಾದರೂ ಕೂಲೆಂಟ್ ಕುಡಿದರೆ, ಏನೂ ಆಗಿಲ್ಲವೆಂದು ಕಂಡರೂ ಕಾಯಬಾರದು. 108ಕ್ಕೆ ಕರೆ ಮಾಡಿ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಡಬ್ಬಿಯನ್ನೂ ಕೊಂಡೊಯ್ಯಬೇಕು. ಬಲವಂತವಾಗಿ ವಾಂತಿ ಮಾಡಿಸಬಾರದು. ಬೇಗ ಹೋದರೆ ಇದಕ್ಕೆ ಚಿಕಿತ್ಸೆ ಇದೆ.

ಮಾಡಿ ನೋಡಿ

ಈ ಪ್ರಯೋಗಕ್ಕೆ ಕೂಲೆಂಟ್ ಬೇಡ. ಸಕ್ಕರೆ ಸಾಕು. ಶಿಕ್ಷಕರ ಜೊತೆ ಮಾಡಿ.

ಬೇಕಾಗುವ ವಸ್ತುಗಳು: ಪುಡಿ ಮಾಡಿದ ಮಂಜುಗಡ್ಡೆ, ಉಪ್ಪು, ಸಕ್ಕರೆ, ಒಂದು ದೊಡ್ಡ ಸ್ಟೀಲ್ ಪಾತ್ರೆ, ಎರಡು ಪ್ರನಾಳಗಳು, ಪ್ರಯೋಗಾಲಯದ ಉಷ್ಣತಾಮಾಪಕ.

ಪಾತ್ರೆಗೆ ಮಂಜುಗಡ್ಡೆ ಹಾಕಿ ಉಷ್ಣತೆ ನೋಡಿ. ಅದಕ್ಕೆ ನಾಲ್ಕೈದು ಚಮಚ ಉಪ್ಪು ಸೇರಿಸಿ ಕಡ್ಡಿಯಿಂದ ಕಲಕಿ. ಉಷ್ಣತೆ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಕುಲ್ಫಿ ಮಾರುವವರು ಮಂಜುಗಡ್ಡೆಗೆ ಉಪ್ಪು ಹಾಕುವುದು ಇದಕ್ಕೇ. ಈಗ ಒಂದು ಪ್ರನಾಳದಲ್ಲಿ ಸ್ವಲ್ಪ ನೀರು, ಇನ್ನೊಂದರಲ್ಲಿ ಅಷ್ಟೇ ಪ್ರಮಾಣದ ಗಟ್ಟಿ ಸಕ್ಕರೆ ನೀರು ಹಾಕಿ, ಎರಡನ್ನೂ ಪಾತ್ರೆಯಲ್ಲಿ ನಿಲ್ಲಿಸಿ. ಐದು ನಿಮಿಷಕ್ಕೊಮ್ಮೆ ತೆಗೆದು ನೋಡಿ. ಯಾವುದು ಮೊದಲು ಹೆಪ್ಪುಗಟ್ಟಿತು? ಏಕೆ? ನಿಮ್ಮ ಪುಸ್ತಕದಲ್ಲಿ ಬರೆದಿಡಿ. ಉಪ್ಪು ಬೆರೆತ ಮಂಜನ್ನು ಕೈಯಲ್ಲಿ ಹಿಡಿಯಬೇಡಿ, ಚರ್ಮಕ್ಕೆ ಗಾಯವಾಗುತ್ತದೆ. ಪ್ರನಾಳದಲ್ಲಿರುವುದನ್ನು, ಅದು ಬರೀ ಸಕ್ಕರೆ ನೀರೇ ಆದರೂ, ರುಚಿ ನೋಡಬೇಡಿ. ವುರ್ಟ್ಜ್ ಕಾಲ ಮುಗಿದು ಬಹಳ ವರ್ಷಗಳಾದವು!